ತೀರ್ಮಾನ ಅಲ್ಲಿ, ವೋಟು ಇಲ್ಲಿ

ಈ ಅಂಕಣ ಓದ್ತಿರೋ ಫೋನನ್ನ ಒಮ್ಮೆ ತಲೆಕೆಳಗು ಮಾಡಿ, ಚಾರ್ಜರ್ ಸಿಕ್ಕಿಸೋ ಜಾಗ ನೋಡಿ. ಈಚೆಗೆ ಕೊಂಡ ಫೋನಾದರೆ ಅಲ್ಲಿರುವುದು ಯುಎಸ್‌ಬಿ-ಸಿ ಪೋರ್ಟ್. ವರ್ಷಗಟ್ಟಲೆ ತನ್ನದೇ ಬೇರೆ ವೈರು ಅಂತ ಕೂತಿದ್ದ ಐಫೋನ್ ಕೂಡ 2023ರಲ್ಲಿ ಇದಕ್ಕೇ ಬಂತು. ಅದರ ಹಿಂದೆ ಯುರೋಪಿಯನ್ ಒಕ್ಕೂಟದ ಒಂದು ಕಾನೂನಿದೆ. 2022ರಲ್ಲಿ ಪಾಸಾದ ಆ ಕಾನೂನಿನ ಪ್ರಕಾರ, 2024ರ ಡಿಸೆಂಬರ್ 28ರಿಂದ ಅಲ್ಲಿನ ಮಾರುಕಟ್ಟೆಗೆ ಬರುವ ಹೊಸ ಫೋನುಗಳಿಗೆಲ್ಲ ಒಂದೇ ಬಗೆಯ ಚಾರ್ಜಿಂಗ್ ಪೋರ್ಟ್ ಇರಬೇಕು. ಅಲ್ಲಿಗೊಂದು ಥರ, ಇಲ್ಲಿಗೊಂದು ಥರ ಫೋನು ಮಾಡುವುದು ಕಂಪನಿಗಳಿಗೆ ಗಿಟ್ಟುವುದಿಲ್ಲ. ಹಾಗಾಗಿ ಬ್ರಸೆಲ್ಸ್‌ನಲ್ಲಿ ಆದ ತೀರ್ಮಾನ ಜಯನಗರದ ಮೊಬೈಲ್ ಅಂಗಡಿಗೂ ಬಂದು ಮುಟ್ಟಿತು.

ನನಗೆ ಈ ಒಕ್ಕೂಟದ ಪರಿಚಯ ಆಗಿದ್ದೇ ಆಫೀಸಿನಲ್ಲಿ. 2018ರ ಮೇ 25ಕ್ಕೆ ಜಿಡಿಪಿಆರ್ ಅನ್ನುವ ಡೇಟಾ ಕಾನೂನು ಜಾರಿಗೆ ಬಂತು. ನಾನು ಕೆಲಸಕ್ಕೆ ಸೇರಿದ ಹೊಸತು. ಬಳಕೆದಾರರ ಒಪ್ಪಿಗೆ ಕೇಳುವ ಪುಟ, ಡೇಟಾ ಅಳಿಸುವ ಬಟನ್, ಲಾಗ್‌ಗಳಲ್ಲಿ ಯಾರ ಹೆಸರೂ ಇಮೇಲೂ ಉಳಿಯದ ಹಾಗೆ ನೋಡಿಕೊಳ್ಳುವುದು, ತಿಂಗಳುಗಟ್ಟಲೆ ಇದೇ ಕೆಲಸ. ತಪ್ಪಿದರೆ ಕಂಪನಿಯ ಇಡೀ ಜಗತ್ತಿನ ವಹಿವಾಟಿನ ಶೇ. 4ರವರೆಗೂ ದಂಡ ಬೀಳಬಹುದು ಅಂತ ಮ್ಯಾನೇಜರ್ ದಿನಾ ನೆನಪಿಸ್ತಿದ್ದರು. ನಮ್ಮ ಸಂಸತ್ತು ಮಾಡದ ಕಾನೂನಿಗೆ ಬೆಂಗಳೂರಿನಲ್ಲಿ ಕೂತು ಕೋಡ್ ಬರೀತಿದ್ದೀವಲ್ಲ ಅಂತ ಆಗ ತಮಾಷೆ ಅನ್ನಿಸಿತ್ತು. ಆಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಮಾತು ಬಿಡಿ, ನಾವು ಹೊರಗಿನವರು. ಆದರೆ ಗ್ರೀಸ್‌ನ ಒಬ್ಬ ಅಂಗಡಿಯವನಿಗೆ, ಐರ್ಲೆಂಡಿನ ಒಬ್ಬ ರೈತನಿಗೆ ಇದು 'ನಾವು ಮಾಡಿಕೊಂಡ ಕಾನೂನು' ಅಂತ ಅನ್ನಿಸುತ್ತಾ?

ಕಳೆದ ಮೂವತ್ತು ವರ್ಷದ ಯುರೋಪಿನ ರಾಜಕೀಯದ ದೊಡ್ಡ ಜಗಳಗಳನ್ನೆಲ್ಲ ನೋಡಿ, ಎಲ್ಲೋ ಒಂದು ಕಡೆ ಈ ಪ್ರಶ್ನೆ ಸಿಕ್ಕೇ ಸಿಗುತ್ತದೆ.

ಶುರುವಾಗಿದ್ದು ಕಲ್ಲಿದ್ದಲು ಮತ್ತು ಉಕ್ಕಿನಿಂದ. 1870ರಿಂದ 1945ರೊಳಗೆ ಫ್ರಾನ್ಸ್, ಜರ್ಮನಿ ಮೂರು ಸಲ ಯುದ್ಧ ಮಾಡಿದ್ದವು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರೋಬೆರ್ ಶೂಮಾನ್ ಒಂದು ಪ್ರಸ್ತಾವ ಮುಂದಿಟ್ಟರು. ಎರಡೂ ದೇಶದ ಕಲ್ಲಿದ್ದಲು, ಉಕ್ಕನ್ನು ಒಂದೇ ಮಂಡಳಿಯ ಉಸ್ತುವಾರಿಗೆ ಕೊಡೋಣ, ಬೇರೆ ದೇಶಗಳೂ ಸೇರಲಿ ಅಂತ. ಮದ್ದುಗುಂಡು, ಟ್ಯಾಂಕು ಮಾಡುವ ಸಾಮಾನೇ ಕೂಡುಆಸ್ತಿ ಆದಮೇಲೆ ಯುದ್ಧಕ್ಕೆ ಹೊರಡುವುದು ಹೇಗೆ? 1951ರಲ್ಲಿ ಆರು ದೇಶ ಸಹಿ ಹಾಕಿದವು. 1957ರ ರೋಮ್ ಒಪ್ಪಂದದಿಂದ ಎಲ್ಲರಿಗೂ ಸೇರಿದ ಒಂದು ಮಾರುಕಟ್ಟೆ ಕಟ್ಟುವ ಕೆಲಸ ಶುರುವಾಯಿತು. ಇವತ್ತು ಸದಸ್ಯ ದೇಶಗಳು 27. ಆ ಆರು ದೇಶಗಳ ನಡುವೆ ಮತ್ತೆ ಯುದ್ಧ ಆಗಿಲ್ಲ. ಈ ಕಥೆಯಲ್ಲಿ ಮುಂದೆ ಏನೇ ಬೈದರೂ ಇದನ್ನು ಮೊದಲು ಹೇಳಿಬಿಡಬೇಕು.

ಇನ್ನು ಅಲ್ಲಿ ಕಾನೂನು ಹೇಗಾಗುತ್ತೆ ಅಂತ ನೋಡೋಣ. ಕರಡು ಸಿದ್ಧ ಮಾಡುವುದು ಬ್ರಸೆಲ್ಸ್‌ನ ಆಯೋಗ. ಅದನ್ನು ತಿದ್ದಿ ಪಾಸು ಮಾಡುವವರು ಸಾಮಾನ್ಯವಾಗಿ ಇಬ್ಬರು: ಜನರೇ ಆರಿಸಿದ ಯುರೋಪಿಯನ್ ಸಂಸತ್ತು, ಮತ್ತು ಸದಸ್ಯ ದೇಶಗಳ ಸಚಿವರು ಕೂರುವ ಮಂಡಳಿ. ಈ ಎರಡನೆಯದನ್ನು ಗಮನಿಸಿ. ಪ್ರತಿ ದೇಶದ ಸಚಿವರೂ ಆ ಕೋಣೆಯಲ್ಲಿ ಇರುತ್ತಾರೆ. ಕೈ ಎತ್ತುತ್ತಾರೆ. ವಿಮಾನ ಹತ್ತಿ ಊರಿಗೆ ಬಂದು, ನಿರ್ಧಾರ ಜನಕ್ಕೆ ಹಿಡಿಸಿದರೆ 'ನಾನು ತಂದೆ' ಅಂತಾರೆ, ಹಿಡಿಸದಿದ್ದರೆ 'ಏನ್ಮಾಡೋದು, ಬ್ರಸೆಲ್ಸ್‌ನವರು ಹೇರಿಬಿಟ್ಟರು' ಅಂತಾರೆ. ಐಟಿಯಲ್ಲಿರೋರಿಗೆ ಈ ಆಟ ಚೆನ್ನಾಗಿ ಗೊತ್ತು. ರಿಲೀಸ್ ಚೆನ್ನಾಗಿ ಹೋದರೆ ನಮ್ಮ ಟೀಮು, ಕೆಟ್ಟರೆ ಪ್ಲಾಟ್‌ಫಾರ್ಮ್ ಟೀಮು. ವ್ಯತ್ಯಾಸ ಇಷ್ಟೇ, ನಾವು ಒಂದು ಸಂಜೆ ಮಾಡೋದನ್ನ ಅಲ್ಲಿನ ಸರ್ಕಾರಗಳು ದಶಕಗಟ್ಟಲೆ ಮಾಡಿವೆ. ಅಷ್ಟು ವರ್ಷ ಬೈಗುಳ ಕೇಳಿಸಿಕೊಂಡ ಜನ ಒಂದು ದಿನ ಅದನ್ನು ನಂಬಿಬಿಟ್ಟರೆ ಆಶ್ಚರ್ಯ ಏನು?

ಒಂದಾಗೋದು ಅಂದರೆ 'ನಾವು' ಅನ್ನುವ ಭಾವನೆಯೂ ಒಂದಾಗಬೇಕಲ್ಲ, ಅದಕ್ಕೆ ಏನು ಮಾಡಿದರು? ಯೂರೋ ನೋಟು ನೋಡಿದರೆ ಅವರ ಕಷ್ಟ ಅರ್ಥ ಆಗುತ್ತದೆ. 2002ರ ಜನವರಿ 1ರಂದು ಹನ್ನೆರಡು ದೇಶಗಳಲ್ಲಿ ಯೂರೋ ಕೈಗೆ ಬಂತು. ನೋಟಿನ ಮೇಲೆ ಯಾರ ಚಿತ್ರ ಹಾಕೋದು? ನೆಪೋಲಿಯನ್ ಹಾಕಿದರೆ ಫ್ರಾನ್ಸಿಗೆ ಹೀರೋ, ಪಕ್ಕದವರಿಗೆ ದಂಡೆತ್ತಿ ಬಂದವನು. ಕೊನೆಗೆ ಆಸ್ಟ್ರಿಯಾದ ರಾಬರ್ಟ್ ಕಾಲಿನಾ ಅನ್ನುವ ವಿನ್ಯಾಸಕಾರರು ಸೇತುವೆ, ಕಿಟಕಿ, ಹೆಬ್ಬಾಗಿಲುಗಳನ್ನು ಬರೆದರು. ಅವು ಯಾವ ದೇಶದವೂ ಅಲ್ಲ, ಎಲ್ಲಾ ಕಲ್ಪನೆಯವು. ನಿಜವಾದ ಸೇತುವೆ ಹಾಕಿದ್ದರೆ 'ಅವರ ಊರಿಂದು ಯಾಕೆ, ನಮ್ಮದು ಯಾಕಿಲ್ಲ' ಅಂತ ತಕರಾರು ಬರುತ್ತಿತ್ತು. ತಮಾಷೆ ಅಂದರೆ, ರಾಟರ್‌ಡ್ಯಾಮ್ ಹತ್ತಿರದ ಸ್ಪೈಕೆನಿಸ್ಸೆ ಅನ್ನುವ ಡಚ್ ಊರಿನವರು ಆಮೇಲೆ ಆ ಏಳೂ ಸೇತುವೆಗಳನ್ನು ನಿಜವಾಗಿ ಕಟ್ಟಿಬಿಟ್ಟರು, ನೋಟಿನಲ್ಲಿದ್ದ ಬಣ್ಣದಲ್ಲೇ!

ನಾಣ್ಯದಲ್ಲಿ ಮಾತ್ರ ರಾಜಿ ಬೇರೆ ಥರ. ಒಂದು ಮುಖ ಎಲ್ಲರಿಗೂ ಒಂದೇ, ಇನ್ನೊಂದು ಮುಖ ಅವರವರ ಇಷ್ಟ. ಐರ್ಲೆಂಡ್ ತನ್ನ ಹಾರ್ಪ್ ವಾದ್ಯ ಹಾಕಿಕೊಂಡಿತು, ಗ್ರೀಸ್ ಗೂಬೆ, ಆಸ್ಟ್ರಿಯಾ ಮೊಜಾರ್ಟ್. ಜನ ಇರುವುದೂ ಹೆಚ್ಚುಕಡಿಮೆ ಈ ನಾಣ್ಯದ ಹಾಗೆ. ಎರಡು ಮುಖ, ಎರಡೂ ಚಲಾವಣೆಯಲ್ಲಿ.

ನಮ್ಮ ಟೀಮಿನಲ್ಲಿ ಪೋರ್ಚುಗಲ್‌ನ ಸಹೋದ್ಯೋಗಿಯೊಬ್ಬರಿದ್ದಾರೆ, ಕೆಲಸ ಮಾಡುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಒಮ್ಮೆ ಬೆಂಗಳೂರಿಗೆ ಬಂದಾಗ ದರ್ಶಿನಿಯಲ್ಲಿ ಕಾಫಿ ಕುಡೀತಾ ಹೇಳಿದ್ದರು: ಲಿಸ್ಬನ್‌ನಲ್ಲಿ ನಾನು ಉತ್ತರದ ಕಡೆಯವಳು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪೋರ್ಚುಗೀಸ್, ಇಲ್ಲಿ ಬಂದಮೇಲೆ ಯುರೋಪಿಯನ್ ಅಂತ. ಮಂಡ್ಯದಿಂದ ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ, ಅಲ್ಲಿಂದ ಮ್ಯೂನಿಕ್‌ಗೆ ಹೋದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅವರು ಇನ್ನೊಂದು ಮಾತು ಸೇರಿಸಿದರು. 1992ರ ಮಾಸ್ಟ್ರಿಕ್ಟ್ ಒಪ್ಪಂದದಿಂದ ಬಂದ 'ಯುರೋಪಿಯನ್ ಪೌರತ್ವ'ದ ದೆಸೆಯಿಂದ ಅವರು ಆಮ್‌ಸ್ಟರ್‌ಡ್ಯಾಮ್ ನಗರಸಭೆಗೆ ವೋಟು ಹಾಕಬಹುದು, ಯುರೋಪಿಯನ್ ಸಂಸತ್ತಿಗೂ ಹಾಕಬಹುದು. ತೆರಿಗೆ ಕಟ್ಟುವ ಆ ದೇಶದ ಸಂಸತ್ತಿನ ಚುನಾವಣೆಗೆ ಮಾತ್ರ ಹಾಕುವ ಹಾಗಿಲ್ಲ. ಬದುಕು ಗಡಿ ದಾಟಿದೆ, ವೋಟು ಪೂರ್ತಿ ದಾಟಿಲ್ಲ.

ಇದರ ಬೆಲೆ ಎಷ್ಟು ಅನ್ನುವುದು ಗೊತ್ತಾಗಿದ್ದು ಗ್ರೀಸ್‌ನಲ್ಲಿ.

ಸ್ವಂತ ಕರೆನ್ಸಿ ಇದ್ದ ಕಾಲದಲ್ಲಿ ಒಂದು ದೇಶಕ್ಕೆ ಕಷ್ಟ ಬಂದರೆ ಹಣದ ಮೌಲ್ಯ ಇಳಿಸಬಹುದಿತ್ತು, ಬಡ್ಡಿದರ ಬದಲಿಸಬಹುದಿತ್ತು. ಯೂರೋ ಬಂದಮೇಲೆ ಬಡ್ಡಿದರದ ಕೀಲಿ ಫ್ರಾಂಕ್‌ಫರ್ಟ್‌ನ ಯುರೋಪಿಯನ್ ಕೇಂದ್ರ ಬ್ಯಾಂಕಿನ ಕೈಗೆ ಹೋಯಿತು. ಹಣ ಒಂದೇ ಆಯಿತು, ಆದರೆ ತೆರಿಗೆ, ಸಾಲ, ಪಿಂಚಣಿ ಅವರವರದೇ ಉಳಿದವು. 2009ರ ಕೊನೆಗೆ ಗ್ರೀಸ್‌ನ ಸಾಲದ ನಿಜವಾದ ಗಾತ್ರ ಹೊರಬಿತ್ತು. 2010ರಲ್ಲಿ ಮೊದಲ ನೆರವು ಬಂತು, ಜತೆಗೆ ಷರತ್ತುಗಳೂ ಬಂದವು. ಪಿಂಚಣಿ ಕಡಿತ, ಸಂಬಳ ಕಡಿತ, ತೆರಿಗೆ ಏರಿಕೆ. 2013ರ ಹೊತ್ತಿಗೆ ನಿರುದ್ಯೋಗ ಶೇ. 27 ದಾಟಿತ್ತು. ನಮ್ಮ ವಯಸ್ಸಿಗಿಂತ ಚಿಕ್ಕವರಲ್ಲಿ, ಕೆಲಸ ಹುಡುಕುತ್ತಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕೆಲಸ ಇರಲಿಲ್ಲ.

2015ರ ಜೂನ್ ಕೊನೆಗೆ ಬ್ಯಾಂಕುಗಳು ಬಾಗಿಲು ಹಾಕಿದವು. ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ. ಆ ಕ್ಯೂಗಳ ನಡುವೆಯೇ ಜುಲೈ 5ರಂದು ಜನಮತಗಣನೆ ನಡೆಯಿತು. ಸಾಲ ಕೊಟ್ಟವರ ಷರತ್ತು ಒಪ್ಪೋಣವಾ ಅನ್ನುವುದು ಪ್ರಶ್ನೆ. ಶೇ. 61 ಜನ ಬೇಡ ಅಂದರು. ಎಂಟು ದಿನ ಕಳೆದು, ಜುಲೈ 13ರ ಬೆಳಿಗ್ಗೆ, ರಾತ್ರಿಯಿಡೀ ನಡೆದ ಸಭೆಯ ನಂತರ ಅದೇ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಹೊಸ ಷರತ್ತುಗಳಿಗೆ ಒಪ್ಪಿಕೊಂಡು ಬಂದರು. ಯೂರೋ ಬಿಡುವ ಧೈರ್ಯ ಇರಲಿಲ್ಲ, ಬ್ಯಾಂಕು ತೆರೆಯುವುದಕ್ಕೆ ದುಡ್ಡಿರಲಿಲ್ಲ.

ಆ ಎಟಿಎಂ ಕ್ಯೂನಲ್ಲಿ ನಿಂತು, ಆಮೇಲೆ ವೋಟಿನ ಕ್ಯೂನಲ್ಲೂ ನಿಂತು ಬಂದ ಒಬ್ಬ ಪಿಂಚಣಿದಾರರನ್ನು ನೆನೆಸಿಕೊಳ್ಳಿ. ನನ್ನ ವೋಟಿಗೆ ಅರ್ಥ ಏನು ಅಂತ ಅವರು ಕೇಳಿದರೆ ಯಾರು ಉತ್ತರ ಕೊಡಬೇಕು?

ಆದರೆ ನ್ಯಾಯವಾಗಿ ಹೇಳಬೇಕು ಅಂದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಸಾಲ ಕೊಡಬೇಕಾದ ದೇಶಗಳಲ್ಲೂ ಮತದಾರರಿದ್ದರು. ಸ್ಲೊವಾಕಿಯಾದ ಜನಕ್ಕೆ, ನಮಗಿಂತ ಹೆಚ್ಚು ಸಂಬಳ, ಪಿಂಚಣಿ ಇರುವ ಗ್ರೀಸ್‌ಗೆ ನಾವು ಯಾಕೆ ದುಡ್ಡು ಕೊಡಬೇಕು ಅನ್ನಿಸಿತು. 2011ರ ಅಕ್ಟೋಬರ್‌ನಲ್ಲಿ ಇದೇ ನೆರವಿನ ನಿಧಿಯ ವಿಷಯಕ್ಕೆ ಪ್ರಧಾನಿ ಇವೆಟಾ ರಾಡಿಚೊವಾ ಅವರ ಸರ್ಕಾರವೇ ಬಿತ್ತು. ಜರ್ಮನಿಯಲ್ಲಿ 2013ರಲ್ಲಿ ಎಎಫ್‌ಡಿ ಪಕ್ಷ ಹುಟ್ಟಿದ್ದೂ ಯೂರೋ ನೆರವಿನ ವಿರೋಧದಿಂದಲೇ. ಇವತ್ತು ಅದರ ಮುಖ್ಯ ಮಾತು ವಲಸಿಗರದ್ದು. ಗ್ರೀಸ್‌ನಲ್ಲಿ ದಶಕಗಟ್ಟಲೆ ಆಳಿದ್ದ ಪಾಸೋಕ್ ಪಕ್ಷ 2009ರಲ್ಲಿ ಸುಮಾರು ಶೇ. 44 ವೋಟು ಪಡೆದಿತ್ತು. 2015ರ ಜನವರಿಯಲ್ಲಿ ಶೇ. 5ಕ್ಕಿಂತ ಕೆಳಗೆ ಬಂತು.

ಈ ಎಎಫ್‌ಡಿ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವ ಒಂದು ಸಂಗತಿ ಇದೆ. ಒಕ್ಕೂಟ ಬಂದರೆ ದೇಶಗಳ ಗುರುತು ಅಳಿಸಿಹೋಗುತ್ತದೆ ಅಂತ ಒಂದು ಕಾಲದಲ್ಲಿ ಕೆಲವರು ಹೆದರಿದ್ದರು, ಕೆಲವರು ಆಸೆಪಟ್ಟಿದ್ದರು. ಎರಡೂ ಆಗಲಿಲ್ಲ. ಆಗಿದ್ದು ಬೇರೆ. ಬಡ್ಡಿದರ ಕೈಯಲ್ಲಿಲ್ಲ, ವ್ಯಾಪಾರ ಒಪ್ಪಂದ ಕೈಯಲ್ಲಿಲ್ಲ, ಬಜೆಟ್ಟಿಗೂ ಮಿತಿ. ಹಾಗಾದರೆ ಚುನಾವಣೆಗೆ ನಿಂತವನು ಏನಂತ ಭರವಸೆ ಕೊಡಬೇಕು? ದುಡ್ಡಿನ ಬಗ್ಗೆ ಹೆಚ್ಚು ಹೇಳಲಾಗದವನು ಬಾವುಟದ ಬಗ್ಗೆ ಹೇಳುತ್ತಾನೆ. ಗಡಿ, ಭಾಷೆ, ಧರ್ಮ, ಹೊರಗಿನವರು, ಮಾತಾಡೋಕೆ ಉಳಿದಿದ್ದು ಇವೇ. ಒಂದಾಗುವಿಕೆ ಗುರುತನ್ನು ಅಳಿಸಲಿಲ್ಲ, ರಾಜಕೀಯದ ನಡುಮನೆಗೆ ತಂದು ಕೂರಿಸಿತು.

ಜನರ ಓಡಾಟದ ವಿಷಯದಲ್ಲೂ ಹೀಗೇ ಆಯಿತು. 2004ರ ಮೇ 1ಕ್ಕೆ ಹತ್ತು ದೇಶಗಳು ಒಕ್ಕೂಟ ಸೇರಿದವು, ಹೆಚ್ಚಿನವು ಪೂರ್ವ ಯುರೋಪಿನವು. ಹಳೆಯ ಸದಸ್ಯರಲ್ಲಿ ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ಆ ದಿನವೇ ಕೆಲಸಗಾರರಿಗೆ ಬಾಗಿಲು ತೆರೆದವು. ವರ್ಷಕ್ಕೆ 5,000ದಿಂದ 13,000 ಜನ ಬರಬಹುದು ಅಂತ ಬ್ರಿಟನ್ ಸರ್ಕಾರಕ್ಕೆ ಕೊಟ್ಟ ಅಂದಾಜು ಹೇಳಿತ್ತು. ಕೆಲವೇ ವರ್ಷದಲ್ಲಿ ಲಕ್ಷಗಟ್ಟಲೆ ಬಂದರು. ಲಿಂಕನ್‌ಶೈರ್‌ನ ಬಾಸ್ಟನ್ ಅನ್ನುವ ಚಿಕ್ಕ ಪಟ್ಟಣದ ಸುತ್ತಮುತ್ತಲ ತರಕಾರಿ ಹೊಲಗಳಿಗೆ ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾದವರು ಬಂದು ದುಡಿದರು. 2016ರ ಜೂನ್ 23ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ ದೇಶದಲ್ಲೇ ಅತಿ ಹೆಚ್ಚು, ಶೇ. 75ಕ್ಕೂ ಮೇಲೆ, ಹೊರಹೋಗೋಣ ಅಂದಿದ್ದು ಇದೇ ಬಾಸ್ಟನ್.

ಅತ್ತ ಲಾಟ್ವಿಯಾದಲ್ಲಿ 2000ದಲ್ಲಿ 23 ಲಕ್ಷಕ್ಕೂ ಹೆಚ್ಚು ಜನ ಇದ್ದರು, ಈಗ 19 ಲಕ್ಷಕ್ಕಿಂತ ಕಡಿಮೆ. ಹುಟ್ಟುವವರು ಕಡಿಮೆಯಾದದ್ದೂ ಕಾರಣ, ಹೊರಟುಹೋದವರೂ ಕಾರಣ. ಮಕ್ಕಳೆಲ್ಲ ಬೇರೆ ಕಡೆ ದುಡಿಯೋಕೆ ಹೋಗಿ, ವಯಸ್ಸಾದವರಷ್ಟೇ ಉಳಿದ ಊರು ಹೇಗಿರುತ್ತೆ ಅಂತ ನಮ್ಮಲ್ಲಿ ಹಲವರಿಗೆ ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಕಾಣುತ್ತದೆ. ಗಡಿ ತೆರೆದಾಗ ಹೋದವರಿಗೆ ಸಿಕ್ಕಿದ್ದು ದೊಡ್ಡ ಅವಕಾಶ. ಬಂದವರನ್ನು ಕಂಡ ಊರು, ಹೋದವರನ್ನು ಕಳೆದುಕೊಂಡ ಊರು, ಎರಡಕ್ಕೂ ತಮ್ಮನ್ನು ಯಾರೂ ಕೇಳಲಿಲ್ಲ ಅನ್ನುವ ಭಾವನೆ ಉಳಿಯಿತು.

ಆ ಭಾವನೆಗೆ ವೇದಿಕೆ ಕೊಟ್ಟಿದ್ದು, ವಿಚಿತ್ರ ಅಂದರೆ, ಯುರೋಪಿಯನ್ ಸಂಸತ್ತೇ. 1979ರಿಂದ ಅದಕ್ಕೆ ನೇರ ಚುನಾವಣೆ ನಡೆಯುತ್ತಿದೆ. ಸರ್ಕಾರ ರಚಿಸುವ ಚುನಾವಣೆ ಅಲ್ಲವಾದ್ದರಿಂದ ಬಹಳ ಜನ ಅದನ್ನು ಕೋಪ ತೀರಿಸಿಕೊಳ್ಳುವುದಕ್ಕೆ ಬಳಸುತ್ತಾರೆ. ಫ್ರಾನ್ಸಿನಲ್ಲಿ ಲೆ ಪೆನ್ ಕುಟುಂಬದ ಪಕ್ಷ ರಾಷ್ಟ್ರಮಟ್ಟದಲ್ಲಿ ಮೊದಲು ಗಮನ ಸೆಳೆದಿದ್ದು 1984ರ ಯುರೋಪಿಯನ್ ಚುನಾವಣೆಯಲ್ಲಿ, ಸುಮಾರು ಶೇ. 11 ವೋಟು ಪಡೆದು. ಬ್ರೆಕ್ಸಿಟ್‌ನ ಮುಖವಾದ ನೈಜೆಲ್ ಫರಾಜ್ 1999ರಿಂದ 2020ರವರೆಗೂ ಯುರೋಪಿಯನ್ ಸಂಸತ್ತಿನ ಸದಸ್ಯರಾಗಿದ್ದರು. ಬ್ರಿಟನ್ ಸಂಸತ್ತಿಗೆ ಅವರು ಮೊದಲ ಸಲ ಗೆದ್ದಿದ್ದು 2024ರಲ್ಲಿ! ಒಕ್ಕೂಟದಿಂದ ದೇಶವನ್ನು ಹೊರತಂದ ಮನುಷ್ಯನಿಗೆ ಅಲ್ಲಿಯವರೆಗೆ ಸೀಟು ಕೊಟ್ಟಿದ್ದು ಒಕ್ಕೂಟವೇ.

ಇಷ್ಟು ಓದಿದರೆ ಒಕ್ಕೂಟದಿಂದ ಚಿಕ್ಕವರಿಗೆ ನಷ್ಟವೇ ಅನ್ನಿಸಬಹುದು. ಐರ್ಲೆಂಡನ್ನು ನೋಡಿದರೆ ಹಾಗಿಲ್ಲ. 1973ರಲ್ಲಿ ಬ್ರಿಟನ್ ಜತೆಗೇ ಸೇರಿದಾಗ ಅದರ ವ್ಯಾಪಾರ ಬಹುಪಾಲು ಬ್ರಿಟನ್ನನ್ನೇ ನಂಬಿಕೊಂಡಿತ್ತು. ಒಕ್ಕೂಟದೊಳಗೆ ಅದಕ್ಕೆ ಬೇರೆ ಮಾರುಕಟ್ಟೆ ಸಿಕ್ಕಿತು, ಬ್ರಿಟನ್ ಕೂತ ಮೇಜಿನಲ್ಲೇ ಸಮಾನ ಕುರ್ಚಿ ಸಿಕ್ಕಿತು. ಅದರ ಐರಿಶ್ ಭಾಷೆ 2007ರಲ್ಲಿ ಒಕ್ಕೂಟದ ಅಧಿಕೃತ ಭಾಷೆಯಾಯಿತು. ಅನುವಾದಕರು ಸಾಲದೆ ಮೊದಲು ಎಲ್ಲವೂ ಆ ಭಾಷೆಗೆ ಬರುತ್ತಿರಲಿಲ್ಲ, 2022ರ ಜನವರಿ 1ರಿಂದ ಆ ವಿನಾಯಿತಿಯೂ ಹೋಯಿತು. ದಿನಾ ಮಾತಾಡುವವರು ಬಹಳ ಕಡಿಮೆ ಇರುವ ಭಾಷೆಗೆ ಜರ್ಮನ್, ಫ್ರೆಂಚ್ ಜತೆ ಒಂದೇ ಸಾಲಿನಲ್ಲಿ ಜಾಗ. ಇಂಥ ಅಧಿಕೃತ ಭಾಷೆಗಳು 24 ಇವೆ.

ಇನ್ನು ಉತ್ತರ ಐರ್ಲೆಂಡ್. ಮೂವತ್ತು ವರ್ಷ ರಕ್ತ ಹರಿದ ಆ ನೆಲದಲ್ಲಿ 1998ರ ಗುಡ್ ಫ್ರೈಡೇ ಒಪ್ಪಂದ ಒಂದು ದೊಡ್ಡ ಮಾತು ಹೇಳಿತು. ಅಲ್ಲಿನವರು ಐರಿಶ್ ಅನ್ನಿಸಿಕೊಳ್ಳಬಹುದು, ಬ್ರಿಟಿಷ್ ಅನ್ನಿಸಿಕೊಳ್ಳಬಹುದು, ಎರಡೂ ಆಗಬಹುದು. ಎರಡೂ ದೇಶ ಒಂದೇ ಮಾರುಕಟ್ಟೆಯೊಳಗೆ ಇದ್ದುದರಿಂದ ಗಡಿಯಲ್ಲಿ ಲಾರಿ ತಪಾಸಣೆಯ ಅಗತ್ಯವೂ ಇರಲಿಲ್ಲ. ಸೈನಿಕರು ಹೋದಮೇಲೆ ಗಡಿ ಎಲ್ಲಿದೆ ಅಂತಾನೇ ಗೊತ್ತಾಗದ ಹಾಗಾಯಿತು. ಬ್ರೆಕ್ಸಿಟ್ ಬಂದಾಗ ಅದೇ ಗಡಿ ಮತ್ತೆ ತಲೆ ಎತ್ತಿತು. ಬ್ರಿಟನ್ ಒಟ್ಟಾರೆ ಶೇ. 52ರಷ್ಟು ಹೊರಗೆ ಅಂದರೆ, ಉತ್ತರ ಐರ್ಲೆಂಡ್ ಶೇ. 56, ಸ್ಕಾಟ್ಲೆಂಡ್ ಶೇ. 62 ಒಳಗೇ ಇರೋಣ ಅಂದಿದ್ದವು. ಕೊನೆಗೆ ತಪಾಸಣೆಯನ್ನು ಸಮುದ್ರದ ಕಡೆಗೆ ಸರಿಸಿದರು. ಅದು ನಮ್ಮನ್ನು ಬ್ರಿಟನ್‌ನಿಂದ ಬೇರೆ ಮಾಡುತ್ತದೆ ಅಂತ ಡಿಯುಪಿ ಪಕ್ಷ 2024ರ ಫೆಬ್ರವರಿವರೆಗೆ, ಎರಡು ವರ್ಷ, ಅಲ್ಲಿ ಸರ್ಕಾರವೇ ನಡೆಯದಂತೆ ಹೊರಗೆ ಕೂತಿತು. ಒಂದು ಒಕ್ಕೂಟ ಬಿಟ್ಟು ದೇಶದ ಗುರುತು ಉಳಿಸಿಕೊಳ್ಳಲು ಹೊರಟವರಿಗೆ, ತಮ್ಮ ದೇಶವೇ ನಾಲ್ಕು ಗುರುತಿನ ಒಕ್ಕೂಟ ಅನ್ನುವುದು ಎದುರಿಗೆ ಬಂದು ನಿಂತಿತು.

ಬ್ರೆಕ್ಸಿಟ್‌ನ ಈ ಗೋಳು ಕಂಡಮೇಲೆ ಬೇರೆ ಕಡೆ ರಾಗ ಬದಲಾಯಿತು. 2017ರಲ್ಲಿ ಯೂರೋ ಬಿಡೋಣ ಅಂತ ಪ್ರಚಾರ ಮಾಡಿ ಸೋತ ಮರೀನ್ ಲೆ ಪೆನ್ ಆಮೇಲೆ ಆ ಮಾತು ಕೈಬಿಟ್ಟರು. ಹಂಗರಿಯಲ್ಲಿ ವಿಕ್ಟರ್ ಒರ್ಬಾನ್ ಸರ್ಕಾರ 2017ರಲ್ಲಿ 'ಬ್ರಸೆಲ್ಸನ್ನು ತಡೆಯೋಣ' ಅಂತ ಅಭಿಯಾನ ಮಾಡಿತು, ಒಕ್ಕೂಟ ಬಿಡುವ ಮಾತು ಮಾತ್ರ ಆಡಲಿಲ್ಲ. 2022ರಲ್ಲಿ ಕಾನೂನಿನ ಆಳ್ವಿಕೆಯ ಕಾರಣಕ್ಕೆ ಒಕ್ಕೂಟ ಹಂಗರಿಯ 630 ಕೋಟಿ ಯೂರೋ ತಡೆಹಿಡಿಯಿತು. ಈಗ ಬೈಯುವುದೂ ಒಳಗಿಂದ, ಶಿಕ್ಷೆಯೂ ಒಳಗಿಂದ. 2024ರ ಜೂನ್ 9ರಂದು ಯುರೋಪಿಯನ್ ಚುನಾವಣೆಯ ಫಲಿತಾಂಶ ನೋಡಿ ಅಧ್ಯಕ್ಷ ಮ್ಯಾಕ್ರಾನ್ ಫ್ರಾನ್ಸಿನ ಸಂಸತ್ತನ್ನೇ ವಿಸರ್ಜಿಸಿದರು. ಬಂದಿದ್ದು ಯಾರಿಗೂ ಬಹುಮತ ಇಲ್ಲದ ಸದನ. ಅಲ್ಲಿನ ಚುನಾವಣೆ, ಇಲ್ಲಿನ ಚುನಾವಣೆ ಅನ್ನುವ ಗೆರೆ ಅಷ್ಟು ತೆಳುವಾಗಿದೆ.

ಹಾಗಾದರೆ ಒಂದಾಗಿದ್ದು ತಪ್ಪಾ? ನನಗೆ ಹಾಗನ್ನಿಸುವುದಿಲ್ಲ. ದೊಡ್ಡ ಟೆಕ್ ಕಂಪನಿಗೆ ಹೀಗೇ ಪೋರ್ಟ್ ಹಾಕು, ಹೀಗೇ ಡೇಟಾ ಇಟ್ಟುಕೋ ಅಂತ ಹೇಳುವ ತಾಕತ್ತು ಒಂಟಿ ಪೋರ್ಚುಗಲ್‌ಗೋ ಲಾಟ್ವಿಯಾಗೋ ಇಲ್ಲ. ಕೂಡಿದ್ದಕ್ಕೇ ಅದು ಬಂತು. ಎರಡು ಗುರುತು ಇಟ್ಟುಕೊಂಡು ಬದುಕುವುದೂ ಜನಕ್ಕೆ ಕಷ್ಟ ಇಲ್ಲ. ಕಷ್ಟ ಇರುವುದು ಬೇರೆ ಕಡೆ. ತನ್ನ ದೇಶದ ಸರ್ಕಾರ ಹಿಡಿಸದಿದ್ದರೆ ನಾಲ್ಕೈದು ವರ್ಷಕ್ಕೆ ಒಮ್ಮೆಯಾದರೂ ಅದನ್ನು ಇಳಿಸಬಹುದು. ಆ ಗ್ರೀಕ್ ಪಿಂಚಣಿದಾರರು ಯಾರನ್ನು ಇಳಿಸಬೇಕಿತ್ತು? ತಮ್ಮ ಸರ್ಕಾರವನ್ನು ಅವರು ಆಗಲೇ ಬದಲಾಯಿಸಿದ್ದರು. ಪಿಂಚಣಿ ಮಾತ್ರ ಬದಲಾಗಲಿಲ್ಲ.

ತೀರ್ಮಾನ ಮೇಲಕ್ಕೆ ಹೋಗುವುದಾದರೆ ಹೋಗಲಿ, ಅದನ್ನು ತಗೊಂಡವರ ಹೆಸರು ಕೆಳಗಿನವರಿಗೆ ಕಾಣಬೇಕು. ಕೋಣೆಯಲ್ಲಿ ಕೈ ಎತ್ತಿದ ಸಚಿವರು ಊರಿಗೆ ಬಂದು 'ಹೌದು, ಒಪ್ಪಿದ್ದು ನಾನೇ, ಕಾರಣ ಇದು' ಅಂತ ಹೇಳಬೇಕು. ಇದಕ್ಕೆ ಹೊಸ ಒಪ್ಪಂದ, ಹೊಸ ಬಾವುಟ ಏನೂ ಬೇಕಾಗಿಲ್ಲ. ಎಪ್ಪತ್ತು ವರ್ಷದಲ್ಲಿ ಅಲ್ಲಿ ಬಹಳ ಸರ್ಕಾರಗಳು ಮಾಡದೇ ಬಿಟ್ಟ ಕೆಲಸ ಇದೊಂದೇ. ಅವರು ಹೇಳದಿದ್ದಾಗ 'ಇದೆಲ್ಲ ಹೊರಗಿನವರು ಮಾಡಿದ್ದು' ಅಂತ ಹೇಳುವುದಕ್ಕೆ ಇನ್ನೊಬ್ಬ ಮೈಕು ಹಿಡಿದು ಸಿದ್ಧನಾಗಿ ನಿಂತಿರುತ್ತಾನೆ.